ಪಡುಗೋಡೆಯ ಹನ್ನೊಂದು ಮೀಟರ್

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಬಂದು, ಸೇಸಪ್ಪ ತನ್ನ ತಪ್ಪು ಮುಚ್ಚಿಕೊಳ್ಳಲಿಕ್ಕೆ ಎಲ್ಲರ ಮೇಲೆ ಹರಿಹಾಯ್ದ ಎನ್ನಬಾರದು. ಕಲ್ಲಿಗೂ ಮಲಗುವ ಬದಿ ಒಂದು ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಐವತ್ತಮೂರನೇ ವಯಸ್ಸಿನಲ್ಲಿ, ಅದೂ ಹನ್ನೊಂದು ಮೀಟರ್ ಗೋಡೆ ಕಟ್ಟಿ ಮುಗಿಸಿದ ಮೇಲೆ. ಅಷ್ಟರಲ್ಲಿ ಕಲ್ಲಿನ ಕೆಲಸಕ್ಕೆ ಇಳಿದು ಮೂವತ್ತೈದು ವರ್ಷವಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ನಾನು ಕಾರ್ಕಳದ ಹತ್ತಿರದವನು. ನಮ್ಮಲ್ಲಿ ಕಲ್ಲೆಂದರೆ ಎರಡೇ. ಒಂದು ಮುರಕಲ್ಲು: ಕೆಂಪಗೆ, ತೂತುತೂತಾಗಿ, ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವಂಥದ್ದು. ಇನ್ನೊಂದು ಕಪ್ಪು ಶಿಲೆಕಲ್ಲು. ಎರಡನ್ನೂ ಹೇಗೆ ತಿರುಗಿಸಿ ಇಟ್ಟರೂ ಅವು ತಕರಾರು ಮಾಡುವುದಿಲ್ಲ. ಹಾಗಾಗಿ ನಮ್ಮ ಮೇಸ್ತ್ರಿಗಳು ಕಲಿಸಿದ ಪಾಠ ಒಂದೇ. ಕಲ್ಲು ಕೈಗೆ ಬಂತೆಂದರೆ ಸುತ್ತ ತಿರುಗಿಸಿ ನೋಡು, ಚಂದದ ಮುಖ ಯಾವುದೋ ಅದನ್ನು ಹೊರಗೆ ಹಾಕು. ಗೋಡೆಯ ಮುಂದೆ ನಿಂತ ಮನೆಯ ಯಜಮಾನನಿಗೆ ಕಾಣುವುದು ಅದೇ ತಾನೇ. ನಾನೂ ಅದನ್ನೇ ಕಲಿತೆ, ನನ್ನ ಅಕ್ಕನ ಮಗ ಯೋಗೀಶನಿಗೂ ಅದನ್ನೇ ಕಲಿಸಿದೆ.

ಸೌದಿಗೆ ಬಂದು ಇಪ್ಪತ್ತೆರಡು ವರ್ಷ. ನನ್ನನ್ನು ಕರೆಸಿದವರು ಭಟ್ಕಳದ ಅಬ್ದುಲ್ ಬಾರಿ ಸಾಹೇಬರು. ಅವರ ತಂದೆಗೆ ಅಲ್ ಖೋಬರ್‌ನಲ್ಲಿ ಬಟ್ಟೆ ಅಂಗಡಿಯಿತ್ತು. ಇವರು ಅದರ ಜೊತೆಗೆ ಕಟ್ಟಡದ ಕಂಪನಿಗಳಿಗೆ ಜನ ಒದಗಿಸುವ ಕೆಲಸಕ್ಕೂ ಇಳಿದವರು. ಖೋಬರ್‌ನ ಸಮುದ್ರದ ಬದಿಯ ದೊಡ್ಡ ದೊಡ್ಡ ಮನೆಗಳಿಗೆ ನಾನು ತೆಳ್ಳನೆಯ ಕಲ್ಲುಹಾಸು ಅಂಟಿಸುತ್ತಿದ್ದೆ. ಸಿಮೆಂಟಿನ ಗೋಡೆಗೆ ಕಲ್ಲಿನ ಅಂಗಿ ತೊಡಿಸುವ ಕೆಲಸ ಅದು. ಕಲ್ಲಿನ ಕೆಲಸ ಎಂದು ಅದನ್ನು ಕರೆಯುವುದಕ್ಕೇ ನನಗೆ ಮನಸ್ಸು ಬರುತ್ತಿರಲಿಲ್ಲ. ಹಾಗಾಗಿ, ತಬೂಕ್ ಕಡೆ ಒಂದು ಹಳೆಯ ಕೋಟೆಯನ್ನು ರಿಪೇರಿ ಮಾಡುವುದಿದೆ, ನಿಜವಾದ ಕಲ್ಲು, ನಿಜವಾದ ಸುಣ್ಣದ ಗಾರೆ, ಹೋಗುತ್ತೀಯಾ ಎಂದು ಸಾಹೇಬರು ಕೇಳಿದಾಗ, ಅವರು ಮಾತು ಮುಗಿಸುವ ಮೊದಲೇ ಹೂಂ ಎಂದಿದ್ದೆ.

ಕೋಟೆ ಇದ್ದದ್ದು ತಬೂಕ್‌ನಿಂದ ದಕ್ಷಿಣಕ್ಕೆ ಎರಡು ಗಂಟೆಯ ದಾರಿಯಲ್ಲಿ. ಸುತ್ತಲಿನವರು ಅದನ್ನು ಖಿರ್ಬಾ ಎನ್ನುತ್ತಿದ್ದರು, ಪಾಳುಬಿದ್ದ ಜಾಗ ಎಂದು ಅರ್ಥ. ಸಾವಿರದ ಎಂಟುನೂರು ವರ್ಷದ ಹಿಂದೆ ರೋಮ್‌ನ ಸೈನ್ಯ ಅಲ್ಲಿ ಠಾಣೆ ಹಾಕಿತ್ತಂತೆ. ಅವರ ರಾಜ್ಯ ಅಲ್ಲಿಗೆ ಮುಗಿಯುತ್ತಿತ್ತು, ಆಚೆ ಬರೀ ಮರಳು. ನಾಲ್ಕು ಮೂಲೆಗೆ ನಾಲ್ಕು ಬುರುಜು, ನಡುವೆ ಒಂದು ಬಾವಿ, ಗೋಡೆಗೆ ಆತುಕೊಂಡು ಸೈನಿಕರ ಸಣ್ಣ ಸಣ್ಣ ಕೋಣೆಗಳು. ಬಂದ ಮೊದಲ ದಿನವೇ ನಾನು ಬಾವಿ ಬುರುಜು ಎಲ್ಲ ಬಿಟ್ಟು ಗೋಡೆಯ ಮುರಿದ ತುದಿಗೆ ಹೋಗಿ ನಿಂತೆ. ಗೋಡೆಯ ಒಳಗೆ ಏನಿದೆ ಎಂಬುದು ಮುರಿದಲ್ಲಿ ಮಾತ್ರ ಕಾಣುತ್ತದೆ.

ಎರಡು ಮೀಟರ್ ದಪ್ಪದ ಗೋಡೆ. ಹೊರಗೊಂದು ಸಾಲು ಕೆತ್ತಿದ ಕಲ್ಲು, ಒಳಗೊಂದು ಸಾಲು. ನಡುವೆ ಚೂರುಕಲ್ಲು ಮತ್ತು ಸುಣ್ಣ ಸುರಿದು ಗುದ್ದಿ ತುಂಬಿಸಿದ್ದರು. ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲು ಹಾಕಿ ಹೊರಗಿನದನ್ನೂ ಒಳಗಿನದನ್ನೂ ಹಿಡಿದು ಕಟ್ಟಿದ್ದರು. ಆ ಸುಣ್ಣಕ್ಕೆ ಉಳಿ ಹಾಕಿ ನೋಡಿದೆ, ಉಳಿ ಜಾರಿತು. ಕಟ್ಟಿದವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಪಡುಗೋಡೆಯಲ್ಲಿ ಬಾಗಿಲಿನಿಂದ ಬುರುಜಿನವರೆಗೆ ಹನ್ನೊಂದು ಮೀಟರ್ ಉದ್ದಕ್ಕೆ ಹೊರಸಾಲು ಪೂರ್ತಿ ಕುಸಿದಿತ್ತು. ಅದನ್ನು ಕಟ್ಟುವ ಕೆಲಸ ನನಗೆ ಬಂತು. ಬಿದ್ದ ಕಲ್ಲು ಸಾಕಾಗದೆ ಹತ್ತಿರದ ಗುಡ್ಡದಿಂದ ಅದೇ ಜಾತಿಯ ಮರಳುಕಲ್ಲು ತರಿಸಿದೆವು. ಆ ಕಲ್ಲನ್ನು ಒಡೆದಾಗ ಒಂದು ಬದಿ ನುಣ್ಣಗೆ ಸೀಳುತ್ತಿತ್ತು. ಆ ಬದಿಯಲ್ಲಿ ಗುಲಾಬಿ, ಹಳದಿ, ಕಂದು ಬಣ್ಣ ಒಂದರೊಳಗೊಂದು ಬೆರೆತು ಅಲೆ ಅಲೆಯಾಗಿ ಹರಡಿರುತ್ತಿತ್ತು. ಕಾರ್ಕಳದ ಮೇಸ್ತ್ರಿ ಅಂಥ ಮುಖವನ್ನು ಗಾರೆಯೊಳಗೆ ಹೂತು ಹಾಕುತ್ತಾನೆಯೇ? ಹೊರಗೆ ಹಾಕಿದೆ. ಒಂದಲ್ಲ ಎರಡಲ್ಲ, ಇನ್ನೂರ ಇಪ್ಪತ್ತು ಕಲ್ಲಿನಲ್ಲಿ ನೂರ ಎಪ್ಪತ್ತನ್ನು ಹಾಗೆ ನಿಲ್ಲಿಸಿದೆ. ನೋಡಲು ಬಂದವರೆಲ್ಲ ನನ್ನ ಗೋಡೆಯ ಮುಂದೆಯೇ ನಿಂತು ಫೋಟೊ ತೆಗೆಸಿಕೊಂಡರು. ಕಂಪನಿಯ ಮುದೀರ್, ಎಂದರೆ ನಮ್ಮೆಲ್ಲರ ಮೇಲಿನ ಮ್ಯಾನೇಜರ್, ನನ್ನ ಬೆನ್ನು ತಟ್ಟಿ ಹೋದ. ನಾನೂ ಉಬ್ಬಿದೆ. ಅಕ್ಕುವಿಗೆ, ನನ್ನ ಹೆಂಡತಿಗೆ, ಹನ್ನೆರಡು ಫೋಟೊ ಕಳಿಸಿದೆ.

ಮಾರನೇ ವರ್ಷ ಜನವರಿಯಲ್ಲಿ ಎರಡು ಸಲ ಮಳೆ ಬಂತು. ಎರಡನೆಯ ಮಳೆ ಬಂದು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಗೋಡೆಯ ಬುಡದಲ್ಲಿ ಕಲ್ಲಿನ ಹಾಳೆ ಬಿದ್ದಿತ್ತು. ಹೆಕ್ಕಿದೆ. ಊಟದ ತಟ್ಟೆಯಷ್ಟು ಅಗಲ, ಬೆರಳಿನಷ್ಟು ದಪ್ಪ, ಅಂಚು ಹರಿತ. ಮೇಲೆ ನೋಡಿದರೆ ನನ್ನ ಗುಲಾಬಿ ಬಣ್ಣದ ಕಲ್ಲೊಂದರ ಮುಖವೇ ಎದ್ದು ಬಂದಿತ್ತು. ಪಕ್ಕದ ಕಲ್ಲಿಗೆ ಬೆರಳಿನಿಂದ ತಟ್ಟಿದೆ. ಒಳಗೆ ಟೊಳ್ಳಾದ ಸದ್ದು. ಅದರ ಪಕ್ಕದ್ದಕ್ಕೆ ತಟ್ಟಿದೆ, ಅದೂ ಹಾಗೆಯೇ. 

ಓಡಿ ಹೋಗಿ ಬಾಗಿಲಿನ ಆಚೆ ಬದಿಯ ಹಳೆಯ ಗೋಡೆಯನ್ನು ತಟ್ಟಿ ನೋಡಿದೆ. ಅದೇ ಗುಡ್ಡದ ಕಲ್ಲು, ಅದೇ ಮಳೆ. ಒಂದೂ ಎದ್ದಿಲ್ಲ. ಬಾಟಲಿಯ ನೀರನ್ನು ಒಂದು ಹಳೆಯ ಕಲ್ಲಿನ ಮೇಲೆ ಸುರಿದೆ. ಒದ್ದೆಯಾದಾಗ ಕಲ್ಲಿನೊಳಗಿನ ಗೆರೆಗಳು ಎದ್ದು ಕಂಡವು, ಎಲ್ಲವೂ ಅಡ್ಡಕ್ಕೆ, ನೆಲಕ್ಕೆ ಸಮನಾಗಿ, ಒಂದರ ಮೇಲೊಂದು ಪೇರಿಸಿಟ್ಟ ನೀರುದೋಸೆಯ ಹಾಗೆ. ಇನ್ನೊಂದಕ್ಕೆ ಸುರಿದೆ. ಇಡೀ ಗೋಡೆಯಲ್ಲಿ ಒಂದು ಕಲ್ಲೂ ಆ ಲೆಕ್ಕ ತಪ್ಪಿರಲಿಲ್ಲ. ಮರಳು ಪದರ ಪದರವಾಗಿ ಕೂತು ಆದ ಕಲ್ಲು ಅದು. ಗುಡ್ಡದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಬೇಕು. ಮೇಲಿನ ಭಾರವೇ ಪದರಗಳನ್ನು ಒತ್ತಿ ಹಿಡಿಯುತ್ತದೆ. ನಾನು ಅದನ್ನು ಎಬ್ಬಿಸಿ ನಿಲ್ಲಿಸಿದ್ದೆ. ನೀರು ಪದರಗಳ ಸಂದಿಗೆ ಇಳಿದು, ಉಪ್ಪು ಕಟ್ಟಿ, ಮುಖವನ್ನು ಹೊರಗೆ ದೂಡಿತ್ತು. ಚಂದದ ಮುಖ ಎಂದು ನಾನು ಅಷ್ಟು ದಿನ ಮೆರೆದದ್ದು ಆ ಕಲ್ಲಿನ ಹಾಸಿಗೆ.

ಅಲ್ಲೇ ಕೂತುಬಿಟ್ಟೆ. ಇಲ್ಲೂ ನನ್ನ ಜೊತೆಗೇ ಕೆಲಸಕ್ಕಿದ್ದ ಯೋಗೀಶ ಬಂದು ಏನಾಯಿತೆಂದು ಕೇಳಿದ, ಹೇಳಿದೆ. ಅವನು ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಈ ವಿಷಯ ಬಾಯಿ ಬಿಡಬೇಡಿ ಎಂದ. ಯಾರಿಗೂ ಗೊತ್ತಾಗುವುದಿಲ್ಲ, ಕಲ್ಲೇ ಸರಿಯಿಲ್ಲ ಅಂದುಕೊಳ್ಳುತ್ತಾರೆ ಎಂದ. ಅವನಿಗೊಂದು ಬೈದೆ. ಬೈದದ್ದು ಅವನಿಗಲ್ಲ ಎಂದು ಅವನಿಗೂ ಗೊತ್ತಿತ್ತು.

ಗೋಡೆಯ ಬುಡದಲ್ಲೇ, ನೋಡಲು ಬಂದವರು ನಡೆಯುವ ದಾರಿ ಹಾಕಿದ್ದರು. ಕೋಟೆಯನ್ನು ಜನರಿಗೆ ತೆರೆಯಲು ಇನ್ನು ಹನ್ನೆರಡು ದಿನವಿತ್ತು. ತಟ್ಟೆಯಷ್ಟು ಅಗಲದ ಹರಿತವಾದ ಕಲ್ಲು ಮೂರು ಮೀಟರ್ ಮೇಲಿನಿಂದ ಯಾರದಾದರೂ ತಲೆಯ ಮೇಲೆ ಬಿದ್ದರೆ? ನಾನು ಆ ಹಾಳೆಯನ್ನು ಹಿಡಿದುಕೊಂಡೇ ಹುಸೈನ್ ಸರ್ ಅವರ ಕಂಟೇನರ್ ಆಫೀಸಿಗೆ ಹೋದೆ.

ಹುಸೈನ್ ನಮ್ಮ ಸೈಟ್ ಎಂಜಿನಿಯರ್. ಉಪ್ಪಿನಂಗಡಿಯವರು, ಮೂವತ್ತೆಂಟು ವಯಸ್ಸು, ಒಳ್ಳೆಯ ಮನುಷ್ಯ, ಆದರೆ ಮುದೀರ್‌ನ ಫೋನ್ ಬಂದರೆ ಕುಳಿತಲ್ಲಿಂದ ಎದ್ದು ನಿಂತು ಮಾತಾಡುವವರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಗೋಡೆ ಬಿಚ್ಚಿ, ಕಲ್ಲನ್ನು ತಿರುಗಿಸಿ ಕೆತ್ತಿ, ಮತ್ತೆ ಕಟ್ಟಬೇಕು, ಎರಡು ತಿಂಗಳು ಬೇಕು ಎಂದೆ. ಅವರು ತಲೆ ಹಿಡಿದುಕೊಂಡರು. ಆಮೇಲೆ ಯಾರಿಗೋ ಫೋನ್ ಮಾಡಿ, ಒಂದು ಕೆಮಿಕಲ್ ಬರುತ್ತದೆ, ಸ್ಪ್ರೇ ಮಾಡಿದರೆ ಕಲ್ಲು ಗಟ್ಟಿಯಾಗುತ್ತದೆ ಎಂದು ನನಗೆ ಸಮಾಧಾನ ಹೇಳಿದರು. ಒಳಗೆ ಹೋದ ನೀರು ಹೊರಗೆ ಬರಲು ದಾರಿ ಇಲ್ಲದಂತೆ ಮಾಡುವುದು ಅದು. ಒಂದು ವರ್ಷದಲ್ಲಿ ಏಳುವುದು ಆರು ತಿಂಗಳಲ್ಲಿ ಏಳುತ್ತದೆ. ಇದನ್ನೂ ಹೇಳಿದೆ.

ಮಾರನೇ ದಿನ ಅವರು ಒಂದು ಕಾಗದ ತಂದರು. ಇಂಗ್ಲಿಷಿನಲ್ಲಿತ್ತು, ಓದಿ ಹೇಳಿದರು. ಕಲ್ಲುಗಳನ್ನು ಒಪ್ಪಿದ ವಿಧಾನದಂತೆಯೇ ಇಡಲಾಗಿದೆ, ಹೊರಪದರ ಏಳುವುದು ಈ ಕಲ್ಲಿನ ಸಹಜ ಗುಣ, ಗೋಡೆ ಭದ್ರವಾಗಿದೆ. ಕೆಳಗೆ ಮುಖ್ಯ ಮೇಸ್ತ್ರಿಯ ಸಹಿಗೆ ಜಾಗ. ಇನ್ನೊಂದು ಮಾತನ್ನೂ ಅವರು ಮೆಲ್ಲಗೆ ಹೇಳಿದರು. ನನ್ನ ಇಕಾಮಾ, ಎಂದರೆ ಈ ದೇಶದಲ್ಲಿರುವ ಪರವಾನಗಿ, ಮುಗಿಯಲು ಒಂದು ತಿಂಗಳೂ ಇಲ್ಲ, ಸಹಿ ಬಿದ್ದರೆ ನವೀಕರಣದ ಕಾಗದ ಅದೇ ದಿನ ಹೋಗುತ್ತದೆ, ಇಲ್ಲವಾದರೆ ತನ್ನ ಕೈಯಲ್ಲಿಲ್ಲ ಎಂದು. ಅದರ ಅರ್ಥ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಐವತ್ತಮೂರರ ಮೇಸ್ತ್ರಿ ಒಮ್ಮೆ ಎಕ್ಸಿಟ್, ಎಂದರೆ ದೇಶ ಬಿಡುವ ವೀಸಾ, ಹೊಡೆಸಿಕೊಂಡು ಊರಿಗೆ ಹೋದರೆ ಮತ್ತೆ ಅವನನ್ನು ಯಾವ ಕಂಪನಿಯೂ ಕರೆಸುವುದಿಲ್ಲ. ಇಂಥ ಗೋಡೆಗೆ ಅವನು ಇನ್ನೊಮ್ಮೆ ಕೈ ಹಾಕುವುದಿಲ್ಲ.

"ಕಲ್ಲಿನ ಮೇಲೆ ತಪ್ಪು ಹೊರಿಸ್ತೀರಾ ಸರ್?" ಎಂದೆ. "ಕಲ್ಲು ಎಂತ ಮಾಡಿದೆ? ಅದೇ ಕಲ್ಲು ಆಚೆ ಬದಿ ಎಷ್ಟು ವರ್ಷದಿಂದ ನಿಂತುಂಟು, ನೋಡಿದ್ದೀರಲ್ಲ."

"ಸೇಸಪ್ಪಣ್ಣ, ಒಂದು ಸಹಿ. ಯಾರೂ ಓದ್ಲಿಕ್ಕಿಲ್ಲ, ಫೈಲಿನಲ್ಲಿ ಇರ್ತದೆ ಅಷ್ಟೇ."

"ಯಾರೂ ಓದದಿದ್ರೆ ನನ್ನ ಸಹಿ ಯಾಕೆ?"

ಕಾಗದವನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ. ಅಂದು ಸಂಜೆ ಅಕ್ಕುವಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.  ನಿಮಗೆ ಸರಿ ಕಂಡದ್ದು ಮಾಡಿ, ಆದರೆ ಸಹಿ ಹಾಕಿ ಬಂದು ಇಲ್ಲಿ ಜಗಲಿಯಲ್ಲಿ ಕೂತು ಇನ್ನು ಮೂವತ್ತು ವರ್ಷ ಅದನ್ನೇ ನನಗೆ ಹೇಳಬೇಡಿ, ನನ್ನಿಂದ ಕೇಳಲಿಕ್ಕಾಗದು ಎಂದಳು. ನನ್ನನ್ನು ಚೆನ್ನಾಗಿ ಬಲ್ಲವಳು ಅವಳು.

ಮೂರನೇ ದಿನ ಖೋಬರ್‌ನಿಂದ ಅಬ್ದುಲ್ ಬಾರಿ ಸಾಹೇಬರೇ ಬಂದಿಳಿದರು. ಅರವತ್ತೆಂಟರ ವಯಸ್ಸು, ಮಂಡಿನೋವು, ಆ ದೂರದ ದಾರಿ. ಅವರು ಬೈಯುತ್ತಾರೆಂದು ನಾನು ತಯಾರಾಗಿದ್ದೆ. ಅವರು ಮೊದಲು ಚಹಾ ತರಿಸಿದರು. ನನ್ನ ಹೆಸರಿನಲ್ಲಿ ಈ ಕಂಪನಿಯಲ್ಲಿ ಹದಿಮೂರು ಜನ ಇದ್ದಾರೆ, ನೀನೊಬ್ಬ ಹಟ ಹಿಡಿದರೆ ಹದಿಮೂರು ಜನರಿಗೂ ತೊಂದರೆ, ನಿನ್ನನ್ನು ಇಪ್ಪತ್ತೆರಡು ವರ್ಷದಿಂದ ನೋಡಿದ್ದೇನೆ, ಹೀಗೆ ಮಾಡಿದವನಲ್ಲ ಎಂದರು. ನಾನು ಅವರನ್ನು ಕೈ ಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋದೆ. ಹಳೆಯ ಕಲ್ಲಿಗೂ ನನ್ನ ಕಲ್ಲಿಗೂ ನೀರು ಸುರಿದು ಗೆರೆಗಳನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಬಟ್ಟೆಯ ಎಳೆ ನೋಡದೆ ಕತ್ತರಿ ಹಾಕಿದ ಹಾಗೆ," ಎಂದರು.

"ಹೌದು ಸಾಹೇಬ್ರೆ."

"ಹಾಗೆ ಹೊಲಿದ ಅಂಗಿಯನ್ನು ಮಾರಿದ್ದಕ್ಕೆ ನಮ್ಮ ತಂದೆ ನನಗೆ ಅಂಗಡಿಯಲ್ಲಿ ಗಿರಾಕಿಗಳ ಎದುರೇ ಹೊಡೆದಿದ್ರು." ಕನ್ನಡಕ ತೆಗೆದು ಜೇಬಿಗೆ ಹಾಕಿದರು. "ಆದ್ರೆ ನಾನು ಕೆಡವು ಅಂತ ಹೇಳ್ಲಿಕ್ಕಿಲ್ಲ, ಸೇಸಪ್ಪ. ಕಂಪನಿ ಎಕ್ಸಿಟ್ ಹಾಕು ಅಂದ್ರೆ ಹಾಕ್ತೇನೆ. ಆಮೇಲೆ ಸಾಹೇಬ್ರು ಕೈ ಬಿಟ್ರು ಅನ್ಬಾರ್ದು."

ಅನ್ನುವುದಿಲ್ಲ ಎಂದೆ. ಅನ್ನಲೂ ಇಲ್ಲ, ಇವತ್ತಿಗೂ ಅನ್ನುವುದಿಲ್ಲ. ಅವರು ಮುಖಕ್ಕೆ ಮುಖ ಕೊಟ್ಟು ಹೇಳಿ ಹೋದರು. ಫೈಲಿನೊಳಗೆ ಅಡಗಿಸಲು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಎಲ್ಲರೂ ಕೆಲಸಕ್ಕೆ ಬಂದ ಮೇಲೆ, ಎಲ್ಲರ ಕಣ್ಣೆದುರು ನಾನು ಅಟ್ಟಣಿಗೆ ಹತ್ತಿದೆ. ಕದ್ದು ಮಾಡುವ ಕೆಲಸ ಇದಲ್ಲ. ಮೇಲಿನ ಸಾಲಿನ ಪ್ರತಿ ಕಲ್ಲಿಗೂ ಸೀಮೆಸುಣ್ಣದಿಂದ ನಂಬರ್ ಬರೆದೆ. ಎಲ್ಲೆಲ್ಲಿ ಹಳೆಯ ಗೋಡೆ ಶುರುವಾಗುತ್ತದೋ ಅಲ್ಲಿ ಕೆಂಪು ದಾರ ಕಟ್ಟಿ ಗಡಿ ಮಾಡಿದೆ. ಆಮೇಲೆ ಉಳಿ ಹಾಕಿ ಗಾರೆ ಬಿಡಿಸಿ ಮೊದಲ ಕಲ್ಲನ್ನು ಅಲುಗಿಸಿದೆ. ನಾನೇ ಕಲಸಿ ನಾನೇ ಒತ್ತಿದ ಗಾರೆ, ಬಿಡಿಸಲು ಒಳ್ಳೆಯ ಕಷ್ಟ ಕೊಟ್ಟಿತು. ಅಷ್ಟಾದರೂ ಸರಿಯಾಗಿ ಮಾಡಿದ್ದೆನಲ್ಲ ಎಂದು ಸಂತೋಷವೂ ಆಯಿತು.

ಐವತ್ತು ಕಿಲೋದ ಕಲ್ಲು. ಚೈನ್ ಬ್ಲಾಕ್‌ಗೆ ಕಟ್ಟಿ ಇಳಿಸಬೇಕಾದರೆ ಒಬ್ಬ ಸರಪಳಿ ಎಳೆಯಬೇಕು, ಇನ್ನೊಬ್ಬ ಕಲ್ಲು ಗೋಡೆಗೆ ಬಡಿಯದ ಹಾಗೆ ಹಿಡಿಯಬೇಕು. ನಾನು ಒಬ್ಬನೇ ಎರಡನ್ನೂ ಮಾಡಲು ಹೋಗಿ ಮೊದಲನೆಯದರ ಅಂಚು ಮುಕ್ಕಾಯಿತು. ಎರಡನೆಯದಕ್ಕೆ ಸರಪಳಿ ಬಿಗಿಯುವಾಗ ಕೆಳಗೆ ಯೋಗೀಶ ಬಂದು ನಿಂತ.

"ನಿಮ್ಮಿಂದಾಗಿ ನಾನೂ ಊರಿಗೆ ಹೋಗ್ಬೇಕು ಈಗ," ಎಂದ.

"ಹಾಗಾದ್ರೆ ನೀನು ಆಚೆ ಹೋಗು."

"ಆಚೆ ಹೋಗಿ ಎಂತ ಮಾಡ್ಲಿ? ಈ ಕಲ್ಲೆಲ್ಲ ನನ್ನ ಕೈಯಲ್ಲೂ ಇಡಿಸಿದ್ದು ನೀವೇ ಅಲ್ವಾ ಮಾವ," ಎಂದು ಸರಪಳಿ ಹಿಡಿದುಕೊಂಡ. ಆಮೇಲೆ ಇಡೀ ದಿನ ನನ್ನನ್ನು ತುಳುವಿನಲ್ಲಿ ಬೈಯುತ್ತಲೇ ಕೆಲಸ ಮಾಡಿದ. ಒಂದು ಕಲ್ಲಿನ ಅಂಚನ್ನೂ ಮುಕ್ಕು ಮಾಡಲಿಲ್ಲ.

ಎಂಟೂವರೆಗೆ ಹುಸೈನ್ ಸರ್ ಓಡಿ ಬಂದರು. ನಿಲ್ಲಿಸಿ ಎಂದರು, ಇಳಿಯಿರಿ ಎಂದರು, ಪೊಲೀಸರಿಗೆ ಹೇಳುತ್ತೇನೆ ಎಂದರು. ನಾನು ಹನ್ನೊಂದನೇ ಕಲ್ಲಿನ ಗಾರೆ ಬಿಡಿಸುತ್ತಿದ್ದೆ. ಕೊನೆಗೆ ಅವರು ಕೋಟೆಯ ಕಾವಲುಗಾರ ಅಬ್ದುಲ್ ಅಝೀಝ್‌ನನ್ನು ಕರೆತಂದರು. ಅಬ್ದುಲ್ ಅಝೀಝ್ ಆ ಕಡೆಯವನೇ, ಸರ್ಕಾರದ ಪುರಾತತ್ವದವರು ನೇಮಿಸಿದವನು, ಕಂಪನಿಯ ಮಾತು ಕೇಳಬೇಕಾದವನಲ್ಲ. ಹಳೆಯ ಗೋಡೆ ಮುಟ್ಟಿದ್ದೀಯಾ ಎಂದು ಅರಬಿಯಲ್ಲಿ ಕೇಳಿದ. ಕೆಂಪು ದಾರ ತೋರಿಸಿ, ಇದರಿಂದ ಆಚೆ ಒಂದು ಬೆರಳೂ ಇಟ್ಟಿಲ್ಲ, ಬಂದು ನೋಡು ಎಂದೆ. ಅವನು ಮೇಲೆ ಹತ್ತಿ ಬಂದು ಒಂದೊಂದನ್ನೇ ನೋಡಿದ. ಇಳಿದು ಹೋಗಿ ತನ್ನ ಆಫೀಸಿಗೆ ಫೋನ್ ಮಾಡಿ, ನೆರಳಿನಲ್ಲಿ ಕೂತ. ನನ್ನನ್ನು ತಡೆಯಲಿಲ್ಲ.

ಮಧ್ಯಾಹ್ನಕ್ಕೆ ತಬೂಕ್‌ನಿಂದ ನಬೀಹಾ ಬಂದಳು. ಪುರಾತತ್ವ ಇಲಾಖೆಯ ಇನ್‌ಸ್ಪೆಕ್ಟರ್, ಮೂವತ್ತರ ಆಸುಪಾಸಿನ ಹುಡುಗಿ, ಕಪ್ಪು ಅಬಾಯಾ, ಕಾಲಿಗೆ ಧೂಳು ತುಂಬಿದ ಬೂಟು. ಅಷ್ಟರಲ್ಲಿ ಮೂವತ್ತೊಂದು ಕಲ್ಲು ಸಾಲಾಗಿ ನೆಲದಲ್ಲಿದ್ದವು. ಮುದೀರ್ ಕೂಡ ಕಾರಿನಲ್ಲಿ ಬಂದಿಳಿದಿದ್ದ. ಕೆಲಸಗಾರನೊಬ್ಬನಿಗೆ ತಲೆ ಕೆಟ್ಟು ಪುರಾತನ ಸ್ಮಾರಕವನ್ನು ಕೆಡವಿದ್ದಾನೆ ಎಂದು ಅವನು ಅವಳಿಗೆ ಹೇಳಿದ. ಅಷ್ಟು ಅರಬಿ ನನಗೆ ಅರ್ಥವಾಗುತ್ತದೆ. ಇಪ್ಪತ್ತೆರಡು ವರ್ಷ ನಾನೇನು ಇಲ್ಲಿ ಕಿವಿ ಮುಚ್ಚಿಕೊಂಡಿದ್ದೆನೇ?

 ಅವಳು ನನ್ನ ಕಲ್ಲುಗಳ ಸಾಲಿನ ಉದ್ದಕ್ಕೂ ನಡೆದು, ಒಂದೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಎದ್ದು ಹಳೆಯ ಗೋಡೆಗೆ ಹೋದಳು. ಅಲ್ಲಿ ಕಲ್ಲುಗಳ ಮೇಲೆ ಓರೆಯಾಗಿ, ಒಂದೇ ಸಮನೆ ಉಳಿಯ ಗೆರೆಗಳಿದ್ದವು. ನಾನು ದಿನವೂ ನೋಡುತ್ತಿದ್ದೆ, ಎಡಗೈ ಹೇಗೆ ಹಿಡಿದರೆ ಆ ಗೆರೆ ಬರುತ್ತದೆ ಎಂದು ಹೊಡೆದೂ ನೋಡಿದ್ದೆ. ಅವಳು ಅದರ ಮೇಲೆ ಕೈಯಾಡಿಸಿ, ಇದು ರೋಮ್‌ನವರ ಉಳಿಯಲ್ಲ, ಅವರು ಬರುವ ಮೊದಲೇ ಈ ಗುಡ್ಡಗಳನ್ನು ಕೊರೆದು ಗೊತ್ತಿದ್ದ ಇಲ್ಲಿಯ ಜನರದ್ದು ಎಂದಳು. ನಾನು ಒಪ್ಪಿದೆ. ಸೈನ್ಯ ದೂರದ್ದಾಗಿರಬಹುದು, ಆದರೆ ಕಲ್ಲಿನ ಮಗ್ಗುಲು ಬಲ್ಲವನು ಪಕ್ಕದ ಹಳ್ಳಿಯವನೇ ಆಗಿರಬೇಕು. ಅವನ ಜೊತೆ ಒಂದು ದಿನ ಕೆಲಸ ಮಾಡಿದ್ದರೆ ನನಗೆ ಈ ಮರ್ಯಾದೆಗೇಡು ತಪ್ಪುತ್ತಿತ್ತು.

ಅವಳು ನನ್ನ ಕಡೆ ತಿರುಗಿದಳು. ಹೊಸ ಗೋಡೆಯನ್ನು ಕಟ್ಟಿದವನು ಯಾರು ಎಂದು ಕೇಳಿದಳು. ಕಲ್ಲು ನಿಲ್ಲಿಸಿ ಇಡಬಾರದೆಂದು ಗೊತ್ತಿರಲಿಲ್ಲವೇ, ಕೆಡವಲು ಯಾರು ಹೇಳಿದರು ಎಂದೂ ಕೇಳಿದಳು. ಮುದೀರ್ ನನ್ನನ್ನೇ ನೋಡುತ್ತಿದ್ದ. ಹುಸೈನ್ ಸರ್ ನೆಲ ನೋಡುತ್ತಿದ್ದರು.

"ಕಟ್ಟಿದ್ದು ನಾನು. ಗೊತ್ತಿಲ್ಲದೆ ಕಟ್ಟಿದೆ," ಎಂದೆ, ನನಗೆ ಬರುವ ಅರಬಿಯಲ್ಲಿ. "ಕೆಡವಿದ್ದೂ ನಾನು, ಗೊತ್ತಾದ ಮೇಲೆ. ಗೋಡೆ ಭದ್ರವಾಗಿದೆ ಅಂತ ಕಾಗದ ಬರೆದದ್ದು ಮಾತ್ರ ನಾನಲ್ಲ."

ಯಾವ ಕಾಗದ ಎಂದು ಅವಳು ಮುದೀರ್‌ನನ್ನು ಕೇಳಿದಳು. ಅವನು ಹುಸೈನ್ ಸರ್ ಕಡೆ ನೋಡಿದ. ಹುಸೈನ್ ಸರ್ ಆಫೀಸಿಗೆ ಹೋಗಿ ಸಹಿಯಿಲ್ಲದ ಆ ಕಾಗದವನ್ನು ತಂದು ಅವಳ ಕೈಗೆ ಕೊಟ್ಟರು. ಆ ಮನುಷ್ಯನ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿದದ್ದು ಅಲ್ಲಿ.

ಪಡುಗೋಡೆಯ ಬದಿಗೆ ಜನರನ್ನು ಬಿಡಬಾರದು, ಹನ್ನೊಂದು ಮೀಟರನ್ನೂ ಬಿಚ್ಚಿ ಸರಿಯಾಗಿ ಕಟ್ಟಬೇಕು ಎಂದು ನಬೀಹಾ ಬರೆದುಕೊಟ್ಟು ಹೋದಳು. ಕೆಲಸದ ಕ್ರಮ ಗೊತ್ತಿರುವ ಮೇಸ್ತ್ರಿ ಅಲ್ಲೇ ಇರಲಿ ಎಂದೂ ಬರೆದಿದ್ದಳು. ಆದರೆ ನನ್ನ ಇಕಾಮಾ ಅವಳ ಕೈಯಲ್ಲಿರಲಿಲ್ಲ. ಅನುಮತಿ ಇಲ್ಲದೆ ಕೆಲಸ ಹಾಳು ಮಾಡಿದ್ದಕ್ಕೆ ಅವಧಿ ಮುಗಿದ ದಿನವೇ ಎಕ್ಸಿಟ್ ಎಂದು ಕಂಪನಿ ಹೇಳಿತು. ಲೆಕ್ಕ ಹಾಕಿದರೆ ಇನ್ನು ಇಪ್ಪತ್ತನಾಲ್ಕು ದಿನ ಉಳಿದಿತ್ತು.

ಆ ಇಪ್ಪತ್ತನಾಲ್ಕು ದಿನ ನಾನು ಹೊತ್ತು ಗೊತ್ತಿಲ್ಲದೆ ದುಡಿದೆ. ಯೋಗೀಶ ಮತ್ತೆ ಇನ್ನಿಬ್ಬರಿಗೆ ಕಲ್ಲಿಗೆ ನೀರು ಸುರಿದು ಗೆರೆ ನೋಡುವುದನ್ನು ಕಲಿಸಿದೆ. ಗುಡ್ಡದಲ್ಲಿ ಕಲ್ಲು ಏಳಿಸುವಾಗಲೇ ಮೇಲ್ಬದಿಗೆ ಇದ್ದಿಲಿನಿಂದ ಬಾಣದ ಗುರುತು ಹಾಕಿಸಿದೆ. ಗುಲಾಬಿ ಮುಖದ ಒಂದೊಂದೇ ಕಲ್ಲನ್ನು ಮಲಗಿಸಿ, ಅಂಚು ಕೆತ್ತಿ, ಸುಣ್ಣ ಹಾಕಿ ಕೂರಿಸಿದೆವು. ಬಿಸಿಲಿಗೆ ಗಾರೆ ಬೇಗ ಒಣಗಿ ಬಿರಿಯದ ಹಾಗೆ ಒದ್ದೆ ಗೋಣಿ ಹೊದಿಸಿ ಕಾದೆವು. ಹೊರಗಿನಿಂದ ಈಗ ಕಾಣುವುದು ಬರೀ ಮಾಸಲು ಕಂದು ಅಂಚು. ಫೋಟೊ ತೆಗೆಯಲು ಯಾರೂ ಬರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಐದನೇ ಸಾಲಿನಲ್ಲಿದ್ದೆ. ಹುಸೈನ್ ಸರ್ ಹೊಸ ಕಾಗದ ತಂದರು. ಈ ಸಲ ಅವರ ಮುಖದಲ್ಲಿ ಗೆಲುವಿತ್ತು. ಈ ಕೆಲಸ ಬಲ್ಲವರು ಬೇರೆ ಯಾರೂ ಸಿಗದೆ ಮುದೀರ್ ಇಳಿದು ಬಂದಿದ್ದಾನೆ, ಒಂದು ವರ್ಷ ಇಕಾಮಾ ಹೊಸದು ಮಾಡಿಸುತ್ತಾನೆ, ಆದರೆ ಅನುಮತಿ ಇಲ್ಲದೆ ಗೋಡೆ ಕೆಡವಿದೆ, ಅದಕ್ಕೆ ವಿಷಾದಿಸುತ್ತೇನೆ ಎಂದು ಬರೆದುಕೊಡಬೇಕು ಎಂದರು. ಒಂದೇ ಸಾಲು, ಕನ್ನಡದಲ್ಲಿ ಬರೆದರೂ ಆಯಿತು, ಇಂಗ್ಲಿಷಿಗೆ ನಾನು ಮಾಡಿ ಕೊಡುತ್ತೇನೆ ಎಂದರು.

ಸುಳ್ಳು ಹೇಳುವುದಿಲ್ಲ, ಬರೆದುಕೊಟ್ಟುಬಿಡೋಣ ಎನಿಸಿತು. ಇನ್ನೂ ಐದು ಸಾಲು ಬಾಕಿಯಿತ್ತು. ಆ ಐದು ಸಾಲನ್ನು ನನ್ನ ಕೈಯಲ್ಲೇ ಮುಗಿಸಬೇಕೆಂಬ ಆಸೆ ನನಗೆ ಇದ್ದಷ್ಟು ಆ ಮರಳುಗಾಡಿನಲ್ಲಿ ಇನ್ನು ಯಾರಿಗೂ ಇರಲಿಲ್ಲ. ಕೈಯ ಸುಣ್ಣ ಒರೆಸಿಕೊಂಡು, ಕಾಗದವನ್ನು ಒಂದು ಕಲ್ಲಿನ ಮೇಲಿಟ್ಟು, ಅನುಮತಿ ಇಲ್ಲದೆ ಕೆಡವಿದ್ದು ನಿಜ ಎಂದು ಬರೆದೆ. ಅದರ ಕೆಳಗೆ, ಗೋಡೆಯನ್ನು ತಪ್ಪಾಗಿ ಕಟ್ಟಿದ್ದಕ್ಕೆ ವಿಷಾದವಿದೆ, ಕೆಡವಿದ್ದಕ್ಕೆ ಇಲ್ಲ ಎಂದು ಬರೆದು ಸಹಿ ಹಾಕಿದೆ.

ಹುಸೈನ್ ಸರ್ ಎರಡು ಸಲ ಓದಿದರು.

"ಇದನ್ನು ಇಂಗ್ಲಿಷಿನಲ್ಲಿ ಹೇಗೆ ಬರೀಲಿ ಸೇಸಪ್ಪಣ್ಣ? ಅವನಿಗೆ ಕನ್ನಡ ಬರೂದಿಲ್ಲ. ನಾನು ಬರೆದದ್ದೇ ಆಯ್ತು."

"ಗೊತ್ತುಂಟು ಸರ್. ನಾನು ಬರೆದ ಹಾಗೆಯೇ ಬರೀರಿ."

ಅವರು ಅಲ್ಲೇ ಗಾರೆಯ ಡ್ರಮ್ಮಿನ ಮೇಲೆ ಕೂತು ಬರೆದರು. ಬರೆದದ್ದನ್ನು ಒಂದೊಂದೇ ಪದಕ್ಕೆ ಅರ್ಥ ಹೇಳಿ ನನಗೆ ಕೇಳಿಸಿದರು. ಒಂದಕ್ಷರ ಆಚೀಚೆ ಮಾಡಿರಲಿಲ್ಲ, ಹಾಗೆಯೇ ಮುದೀರ್‌ಗೆ ಕಳಿಸಿದರು. ನಾಲ್ಕು ಗಂಟೆಗೆ ನನ್ನ ಮೊಬೈಲಿಗೆ ಎಕ್ಸಿಟ್‌ನ ಮೆಸೇಜ್ ಬಂತು. ಆರು ಗಂಟೆಯವರೆಗೆ ಬೆಳಕಿತ್ತು. ಐದನೇ ಸಾಲಿನಲ್ಲಿ ಉಳಿದಿದ್ದ ಮೂರು ಕಲ್ಲನ್ನೂ ಕೂರಿಸಿ, ಗೋಣಿ ಹೊದಿಸಿ, ನೀರು ಹಾಕಿಯೇ ನಾನು ಅಟ್ಟಣಿಗೆಯಿಂದ ಇಳಿದೆ.